ಕಲ್ಲಿನ ಪಕ್ಕ ನಿಂತು ಹೇಳಿದ ಅಸೈನ್‌ಮೆಂಟ್

2019ರ ಮಾತು. ಬಿ.ಎ. ಎರಡನೇ ವರ್ಷದ ಮಕ್ಕಳಿಗೆ ಇತಿಹಾಸದಲ್ಲಿ ಒಂದು ಅಸೈನ್‌ಮೆಂಟ್ ಕೊಟ್ಟಿದ್ದೆ. 'ನಿಮ್ಮ ಊರಿನ ಅಥವಾ ಹತ್ತಿರದ ಊರಿನ ಒಂದು ವೀರಗಲ್ಲಿನ ಬಗ್ಗೆ ವಿವರಿಸಿ. ಐದು ಪುಟ ಮೀರದಿರಲಿ.' ಇಷ್ಟನ್ನು ಬರೆದು ನೋಟಿಸ್ ಬೋರ್ಡಿಗೆ ಹಾಕಿದ್ದೆ, ಕ್ಲಾಸಿನಲ್ಲೂ ಒಂದು ಸಲ ಓದಿ ಹೇಳಿದ್ದೆ. ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ಡಿಗ್ರಿ ಕಾಲೇಜು. ಸೊರಬ, ಶಿಕಾರಿಪುರದ ಕಡೆ ಯಾವ ಊರಿಗೆ ಹೋದರೂ ಕೆರೆ ಏರಿ ಮೇಲೋ, ಅರಳಿಕಟ್ಟೆ ಬುಡದಲ್ಲೋ, ಈಶ್ವರ ದೇವಸ್ಥಾನದ ಹಿಂದೆಯೋ ಒಂದೆರಡು ವೀರಗಲ್ಲು, ಅಂದರೆ ಕಾದಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕೆತ್ತನೆ ಕಲ್ಲು, ಸಿಗುತ್ತವೆ. ಹಾಗಾಗಿ ನಮ್ಮ ಮಕ್ಕಳಿಗೆ ಇದಕ್ಕಿಂತ ಚೆಂದದ ಅಸೈನ್‌ಮೆಂಟ್ ಇನ್ನೊಂದಿಲ್ಲ ಅಂದುಕೊಂಡಿದ್ದೆ.

48 ಮಂದಿ ಬರೆದು ಕೊಟ್ಟರು. ಅದರಲ್ಲಿ 40ಕ್ಕೂ ಜಾಸ್ತಿ ಮಂದಿ ಬರೆದದ್ದು ಆತಕೂರಿನ ವೀರಗಲ್ಲಿನ ಬಗ್ಗೆ. ಅದು ಮಂಡ್ಯ ಜಿಲ್ಲೆಯದು, ಹತ್ತನೇ ಶತಮಾನದ್ದು, ಕಾಳಿ ಅನ್ನುವ ನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತ ಕತೆ ಇರುವ ಕಲ್ಲು. ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ನಮ್ಮ ಮಕ್ಕಳಲ್ಲಿ ಯಾರೂ ಅದನ್ನು ಕಣ್ಣಾರೆ ಕಂಡವರಲ್ಲ. ಎಲ್ಲರೂ ಒಂದೇ ಗೈಡಿನಿಂದ ಇಳಿಸಿದ್ದರು, ಗೈಡಿನಲ್ಲಿದ್ದ ಅಚ್ಚಿನ ತಪ್ಪು ಕೂಡ ಹಾಳೆಯಿಂದ ಹಾಳೆಗೆ ಹಾಗೇ ಬಂದಿತ್ತು. ಕೆಲವರು ಝೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಸ್ಪೈರಲ್ ಬೈಂಡಿಂಗ್ ಬೇರೆ ಮಾಡಿಸಿದ್ದರು.

ನನಗೆ ಸಿಟ್ಟು ಬಂತು. ಕ್ಲಾಸಿನಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಬೆಲ್ ಹೊಡೆದ ಮೇಲೆ ಒಬ್ಬಳು ಬಾಗಿಲ ಹತ್ತಿರ ನಿಂತಿದ್ದಳು. ದೂರದ ಒಂದು ಸಣ್ಣ ಹಳ್ಳಿಯಿಂದ ಬೆಳಗಿನ ಏಳು ಗಂಟೆ ಬಸ್ಸಿಗೆ ಬರುವ ಹುಡುಗಿ, ಕ್ಲಾಸಿನಲ್ಲಿ ಬಾಯಿ ಬಿಟ್ಟಿದ್ದನ್ನೇ ನಾನು ಕಂಡಿರಲಿಲ್ಲ.

"ಮೇಡಂ, ನಮ್ಮ ಮನೆ ಹಿತ್ಲಲ್ಲೇ ಒಂದು ಕಲ್ಲಿದೆ. ಅಜ್ಜಿ ಅಮಾಸೆಗೆ ಎಣ್ಣೆ ಹಚ್ಚಿ ಪೂಜೆ ಮಾಡ್ತಾರೆ. ಅದರ ಬಗ್ಗೆ ಬರೀಬಹುದಿತ್ತಾ?"

"ಬರೀಬಹುದಿತ್ತಾ ಅಂದ್ರೆ? ನಾನು ಕೇಳಿದ್ದೇ ಅದನ್ನಲ್ವಾ?"

"ಅಸೈನ್‌ಮೆಂಟ್ ಅಂದ್ರೆ ಬುಕ್ಕಲ್ಲಿರೋದನ್ನ ಬರೀಬೇಕು ಅಂದ್ಕೊಂಡೆ ಮೇಡಂ."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ಬರೆದ ಎರಡು ಸಾಲನ್ನು ಮತ್ತೆ ಮತ್ತೆ ನೆನಪು ಮಾಡಿಕೊಂಡೆ. ಅದರಲ್ಲಿ 'ನಿಮ್ಮ ಊರಿನ' ಅಂತ ಇತ್ತು, ನಿಜ. ಆದರೆ 'ವಿವರಿಸಿ' ಅಂತಲೂ ಇತ್ತು. ನನಗೆ ವಿವರಿಸಿ ಅಂದರೆ ಕಲ್ಲಿನ ಮುಂದೆ ಹೋಗಿ ನಿಲ್ಲು, ನೋಡು, ಅಳತೆ ತಗೋ, ಊರಿನ ಹಿರಿಯರನ್ನು ಕೇಳು, ಆಮೇಲೆ ನಿನ್ನ ಮಾತಲ್ಲಿ ಬರಿ ಅಂತ. ಎಂ.ಎ. ಓದುವಾಗ ನಮ್ಮ ಮೇಷ್ಟ್ರು ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದ್ದರಿಂದ ನನಗೆ ಆ ಅರ್ಥ ಬಂದದ್ದು. ಆ ಹುಡುಗಿಗೆ? ಹೈಸ್ಕೂಲಿನಿಂದ ಪಿಯುಸಿ ತನಕ ಪ್ರತಿ ಪ್ರಶ್ನೆ ಪತ್ರಿಕೆಯಲ್ಲೂ 'ವಿವರಿಸಿ' ಅಂತ ಬಂದಿದೆ, ಪ್ರತಿ ಸಲವೂ ಅದಕ್ಕೆ ನೋಟ್ಸಿನಲ್ಲಿ ಇದ್ದದ್ದನ್ನು ಬಾಯಿಪಾಠ ಮಾಡಿ ಬರೆದಾಗಲೇ ಅಂಕ ಬಿದ್ದಿದೆ. ಅವಳು ತಾನು ಕಲಿತದ್ದನ್ನೇ ಪಾಲಿಸಿದ್ದಳು. ಹಿತ್ತಲಲ್ಲಿ ಕಲ್ಲು ಇಟ್ಟುಕೊಂಡು ಮಂಡ್ಯದ ಕಲ್ಲಿನ ಬಗ್ಗೆ ಬರೆದದ್ದು ಸೋಮಾರಿತನದಿಂದ ಅಲ್ಲ. ತನ್ನ ಮನೆ ಹಿತ್ತಲು ಕಾಲೇಜಿನ ಹಾಳೆಗೆ ಬರಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮಾರನೆಯ ಸಲ ಸೂಚನೆಯನ್ನು ಉದ್ದ ಮಾಡಿದೆ. ಎರಡು ಸಾಲು ಇದ್ದದ್ದು ಎರಡು ಪುಟ ಆಯಿತು. ಉಪಯೋಗ ಆಗಲಿಲ್ಲ. ಯಾರೂ ಪೂರ್ತಿ ಓದಲಿಲ್ಲ, ಓದಿದವರಿಗೆ ಇನ್ನೂ ಹೆದರಿಕೆ ಆಯಿತು. ಮುಂದಿನ ಬೆಂಚಿನ ಐದಾರು ಮಂದಿ ಸ್ಟಾಫ್ ರೂಮಿಗೆ ಬಂದು ಕೇಳಿ ತಿಳಿದುಕೊಂಡರು. ಇದನ್ನು ಮೇಷ್ಟ್ರಾಗಿರುವ ಎಲ್ಲರೂ ನೋಡಿರುತ್ತೀರಿ. ಕೇಳುವ ಧೈರ್ಯ ಇರುವವರಿಗೆ ಒಂದು ಅಸೈನ್‌ಮೆಂಟ್, ಇಲ್ಲದವರಿಗೆ ಇನ್ನೊಂದು. ಮೇಲಿನ ಪ್ರಶ್ನೆ ಮಾತ್ರ ಇಬ್ಬರಿಗೂ ಒಂದೇ.

ಆಮೇಲೆ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಎಲ್ಲರ ಹಾಗೆ ನಾನೂ ಪುಸ್ತಕದ ಅಟ್ಟಿ ಮೇಲೆ ಮೊಬೈಲ್ ನಿಲ್ಲಿಸಿ ಪಾಠ ರೆಕಾರ್ಡ್ ಮಾಡಿದೆ. ಆ ಪಾಠಗಳ ಬಗ್ಗೆ ಇಲ್ಲಿ ಜಾಸ್ತಿ ಹೇಳುವುದಿಲ್ಲ. ಪಾಠ ಎಲ್ಲಿಯಾದರೂ ಸಿಗುತ್ತದೆ. ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಇದೆ, ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ, ನನಗಿಂತ ಚೆನ್ನಾಗಿ ಹೇಳುವವರು ಇದ್ದಾರೆ. ಆದರೆ ನಾನು ಕೊಟ್ಟ ಅಸೈನ್‌ಮೆಂಟ್‌ನಲ್ಲಿ ನನ್ನ ಮನಸ್ಸಲ್ಲಿ ಏನಿದೆ ಅನ್ನುವುದನ್ನು ನಾನೇ ಹೇಳಬೇಕು. ಅದು ಬೇರೆ ಎಲ್ಲೂ ಸಿಗುವುದಿಲ್ಲ. ಇದು ಹೊಳೆಯುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಹೊಳೆದ ಮೇಲೆ ಪಾಠದ ವಿಡಿಯೊ ನಿಲ್ಲಿಸಿ ಅಸೈನ್‌ಮೆಂಟ್‌ನ ವಿಡಿಯೊ ಮಾಡಲು ಶುರು ಮಾಡಿದೆ.

ಮೊದಲನೆಯದು 23 ನಿಮಿಷದ್ದು. ಆ ಎರಡು ಪುಟದ ಸೂಚನೆಯನ್ನೇ ಸ್ಲೈಡ್ ಮಾಡಿ, ಒಂದೊಂದು ಸಾಲನ್ನೂ ಓದಿದ್ದೆ. ಯೂಟ್ಯೂಬ್‌ನಲ್ಲಿ ಲಿಂಕ್ ಇದ್ದವರಿಗೆ ಮಾತ್ರ ಕಾಣುವ ಹಾಗೆ ಹಾಕಿ ಗ್ರೂಪಿಗೆ ಕಳಿಸಿದೆ. ಒಂದು ವಾರ ಬಿಟ್ಟು ನೋಡಿದರೆ ಸರಾಸರಿ ನೋಡಿದ ಸಮಯ ಮೂರು ನಿಮಿಷ ಚಿಲ್ಲರೆ. ಬೇಜಾರಾಯಿತು. ಆದರೆ ನಾನೇ ಅದನ್ನು ಕೂತು ನೋಡಿದಾಗ ಅವರು ಮಾಡಿದ್ದು ಸರಿ ಅನಿಸಿತು. ಹಾಳೆಯಲ್ಲಿ ಇದ್ದದ್ದನ್ನು ಬಾಯಲ್ಲಿ ಓದುವುದಕ್ಕೆ ವಿಡಿಯೊ ಯಾಕೆ ಬೇಕು?

ಆಗ ಒಂದಷ್ಟು ಓದಿದೆ. ಫಿಲಿಪ್ ಗುವೊ, ಜುಹೊ ಕಿಮ್, ರಾಬ್ ರೂಬಿನ್ ಅನ್ನುವ ಮೂವರು 2014ರಲ್ಲಿ ಆನ್‌ಲೈನ್ ಕೋರ್ಸು ನಡೆಸುವ ಎಡೆಕ್ಸ್‌ನ ನಾಲ್ಕು ಕೋರ್ಸುಗಳಲ್ಲಿ ಮಕ್ಕಳು ವಿಡಿಯೊ ನೋಡಿದ 69 ಲಕ್ಷ ಸಂದರ್ಭಗಳನ್ನು ಲೆಕ್ಕ ಹಾಕಿದ್ದಾರೆ. ವಿಡಿಯೊ ಎಷ್ಟೇ ಉದ್ದ ಇರಲಿ, ನಡುವಿನ ಲೆಕ್ಕ (ಮೀಡಿಯನ್) ತೆಗೆದರೆ ಮಕ್ಕಳು ಅದರ ಮುಂದೆ ಕೂತದ್ದು ಹೆಚ್ಚೆಂದರೆ ಆರು ನಿಮಿಷ. ಇನ್ನೊಂದು ಮಾತು ನನಗೆ ತುಂಬಾ ಹಿಡಿಸಿತು. ದುಡ್ಡು ಸುರಿದು ಸ್ಟುಡಿಯೊದಲ್ಲಿ ಮಾಡಿದ ವಿಡಿಯೊಗಿಂತ, ಮೇಷ್ಟ್ರು ತಮ್ಮ ಮೇಜಿನ ಮುಂದೆ ಕೂತು ಎದುರಿಗೆ ಇರುವ ಒಬ್ಬರ ಹತ್ತಿರ ಮಾತಾಡಿದ ಹಾಗೆ ಮಾಡಿದ್ದನ್ನು ಮಕ್ಕಳು ಜಾಸ್ತಿ ಹೊತ್ತು ನೋಡಬಹುದು ಅಂತ ಅವರಿಗೆ ಕಂಡಿತ್ತು. ಅಮೆರಿಕದ ಸಾಂಟಾ ಬಾರ್ಬರಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಕೂಡ ಬಹಳ ವರ್ಷದಿಂದ ಹೇಳುತ್ತಾ ಬಂದಿದ್ದಾರೆ, ಪರದೆ ಮೇಲಿನ ಅದೇ ಸಾಲನ್ನು ಬಾಯಲ್ಲೂ ಓದಬೇಡಿ, ಪುಸ್ತಕದ ಭಾಷೆಗಿಂತ ಮಾತಾಡುವ ಭಾಷೆಯಲ್ಲಿ ಹೇಳಿ ಅಂತ. ಆ 23 ನಿಮಿಷದಲ್ಲಿ ನಾನು ಇದೆಲ್ಲದರ ಉಲ್ಟಾ ಮಾಡಿದ್ದೆ.

ಆದರೆ ನನ್ನ ಕಣ್ಣು ತೆರೆಸಿದ್ದು ವಿಡಿಯೊಗೆ ಸಂಬಂಧವೇ ಇಲ್ಲದ ಇನ್ನೊಂದು ಕೆಲಸ. ಮೇರಿ-ಆನ್ ವಿಂಕಲ್‌ಮೆಸ್ ಅನ್ನುವವರು ಲಾಸ್ ವೇಗಸ್‌ನ ನೆವಾಡಾ ವಿಶ್ವವಿದ್ಯಾಲಯದಲ್ಲಿ ಇದ್ದಾಗ ಏಳು ಕಾಲೇಜುಗಳ ಮೇಷ್ಟ್ರುಗಳಿಗೆ ಒಂದು ಸಣ್ಣ ಬದಲಾವಣೆ ಮಾಡಲು ಹೇಳಿದರು. ಎಲ್ಲವನ್ನೂ ಬದಲಾಯಿಸಬೇಡಿ, ಬರೀ ಎರಡು ಅಸೈನ್‌ಮೆಂಟ್ ತಗೊಳ್ಳಿ. ಅದನ್ನು ಯಾಕೆ ಮಾಡಬೇಕು, ಏನು ಮಾಡಬೇಕು, ಯಾವುದಕ್ಕೆ ಅಂಕ, ಈ ಮೂರನ್ನು ಬಿಡಿಸಿ ಹೇಳಿ ಅಂತ. ಅಷ್ಟಕ್ಕೇ ಮಕ್ಕಳ ಧೈರ್ಯ ಹೆಚ್ಚಿತು, ಈ ಕಾಲೇಜು ನನ್ನದೂ ಹೌದು ಅನ್ನುವ ಭಾವನೆ ಹೆಚ್ಚಿತು. ಎಲ್ಲರಿಗಿಂತ ಜಾಸ್ತಿ ಲಾಭ ಆದದ್ದು ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿಗೆ, ಕೈಯಲ್ಲಿ ದುಡ್ಡಿಲ್ಲದವರಿಗೆ. ಇದನ್ನು ಓದುವಾಗ ನನಗೆ ಬಾಗಿಲ ಹತ್ತಿರ ನಿಂತ ಆ ಹುಡುಗಿಯೇ ಕಣ್ಣ ಮುಂದೆ ಬಂದಳು.

ಹಾಗಾಗಿ ಈಗ ನನ್ನ ವಿಡಿಯೊ ಮೂರು ತುಂಡು. ಯಾಕೆ ಅನ್ನುವುದಕ್ಕೆ ಒಂದು, ಹೇಗೆ ಅನ್ನುವುದಕ್ಕೆ ಒಂದು, ಅಂಕ ಹೇಗೆ ಬೀಳುತ್ತದೆ ಅನ್ನುವುದಕ್ಕೆ ಒಂದು. ಯಾವುದೂ ಆರು ನಿಮಿಷ ದಾಟುವುದಿಲ್ಲ.

'ಯಾಕೆ' ಎರಡೇ ನಿಮಿಷದ್ದು. ಕ್ಯಾಮೆರಾ ನೋಡಿಕೊಂಡು ಸುಮ್ನೆ ಮಾತಾಡುತ್ತೇನೆ, ಸ್ಲೈಡ್ ಇಲ್ಲ. ದಾನಶಾಸನ ತೆಗೆದರೆ ರಾಜರ ಹೆಸರು, ಅಗ್ರಹಾರದ ಹೆಸರು, ಬಿರುದು ಇವೇ ಜಾಸ್ತಿ. ವೀರಗಲ್ಲಿನಲ್ಲಿ ದನ ಕಾಯುವವನ ಹೆಸರು ಇರುತ್ತದೆ, ಊರ ಕಾವಲುಗಾರನ ಹೆಸರು ಇರುತ್ತದೆ. ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಸತ್ತವನಿಗೆ ತುರುಗೋಳಿನ ಕಲ್ಲು, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನಿಗೆ ಪೆಣ್ಬುಯ್ಯಲಿನ ಕಲ್ಲು, ಊರನ್ನೇ ಹಾಳು ಮಾಡಲು ಬಂದಾಗ ನಿಂತು ಕಾದವನಿಗೆ ಊರಳಿವಿನ ಕಲ್ಲು. ಇಷ್ಟು ಹೇಳಿ, "ನಿಮ್ಮೂರಿನ ಕಲ್ಲಿನ ಬಗ್ಗೆ ಯಾವ ಗೈಡಲ್ಲೂ ಇಲ್ಲ, ನೀವು ಬರೆದರೆ ಮಾತ್ರ ಉಂಟು" ಅನ್ನುತ್ತೇನೆ. ಈ ಮಾತನ್ನು ಕ್ಲಾಸಿನಲ್ಲೂ ಹೇಳಿದ್ದೆ. ಕ್ಲಾಸಿನಲ್ಲಿ 60 ಮಂದಿಯ ನಡುವೆ ಅದು ಗಾಳಿಗೆ ಹೋಗುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಕೇಳುವಾಗ ತನಗೇ ಹೇಳಿದ್ದು ಅನಿಸುತ್ತದೆ ಅಂತ ಒಬ್ಬ ಹುಡುಗ ಹೇಳಿದ.

ಎರಡನೆಯದನ್ನು ಕಲ್ಲಿನ ಪಕ್ಕ ನಿಂತೇ ಮಾಡಬೇಕು. ಇದನ್ನು ಹಾಳೆಯಲ್ಲಿ ಬರೆಯಲು ಆಗುವುದೇ ಇಲ್ಲ. ಒಂದು ಉದಾಹರಣೆ ಹೇಳುತ್ತೇನೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತವೆ. ಕೆಳಗಿನದರಲ್ಲಿ ಜಗಳ, ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಬರಹ ಇದ್ದರೆ ಪಟ್ಟಿಗಳ ನಡುವಿನ ಅಂಚಿನಲ್ಲಿ ಇರುತ್ತದೆ. ಮಕ್ಕಳು ಪುಸ್ತಕ ಓದಿ ರೂಢಿಯಾಗಿ ಮೇಲಿನಿಂದ ಶುರು ಮಾಡುತ್ತಾರೆ, ಕತೆ ಉಲ್ಟಾ ಆಗುತ್ತದೆ, ಸ್ವರ್ಗದಲ್ಲಿದ್ದವನು ಇಳಿದು ಬಂದು ಯುದ್ಧ ಮಾಡಿದ ಹಾಗೆ ಬರೆಯುತ್ತಾರೆ. ವಿಡಿಯೊದಲ್ಲಿ ನಾನು ಕೆಳಗಿನ ಪಟ್ಟಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬೆರಳು ತೋರಿಸುತ್ತಾ ಮೇಲಕ್ಕೆ ಏಳುತ್ತೇನೆ. ಅಷ್ಟು ಸಾಕು. ಅದನ್ನು ನೋಡಿದ ಮೇಲೆ ಯಾರೂ ಮೇಲಿನಿಂದ ಬರೆದಿಲ್ಲ.

ಮಾಡಬಾರದ್ದನ್ನೂ ಅಲ್ಲೇ ತೋರಿಸುತ್ತೇನೆ. ಕಲ್ಲನ್ನು ಕೆರೆಯಬಾರದು. ಅಕ್ಷರ ಕಾಣಲಿ ಅಂತ ಸುಣ್ಣ, ಚಾಕ್ ಪುಡಿ, ಬಣ್ಣ ಬಳಿಯಬಾರದು. ಪೂಜೆ ನಡೆಯುವ ಕಲ್ಲಾದರೆ ಚಪ್ಪಲಿ ಬಿಟ್ಟು, ಪೂಜೆ ಮಾಡುವವರನ್ನು ಕೇಳಿಯೇ ಹತ್ತಿರ ಹೋಗಬೇಕು. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಡಬೇಕು, ಇಲ್ಲದಿದ್ದರೆ ಒಂದು ಪೆನ್ನಾದರೂ ಇಡಬೇಕು, ಕಲ್ಲು ಎಷ್ಟು ಎತ್ತರ ಅಂತ ನೋಡುವವರಿಗೆ ತಿಳಿಯಲಿ ಅಂತ. ನಡು ಮಧ್ಯಾಹ್ನ ತೆಗೆಯಬಾರದು. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲು ಬಿದ್ದಾಗ ಉಬ್ಬು ತಗ್ಗು ಎದ್ದು ಕಾಣುತ್ತದೆ.

ಟಾರ್ಚಿನ ಸಂಗತಿ ಹೇಳಲೇಬೇಕು. ಅಕ್ಷರ ಸವೆದು ಹೋದ ಕಲ್ಲಿಗೆ ಕತ್ತಲಾದ ಮೇಲೆ ಪಕ್ಕದಿಂದ ಬೆಳಕು ಹಾಯಿಸಿದರೆ ಅಕ್ಷರದ ಗುಳಿಯಲ್ಲಿ ನೆರಳು ನಿಂತು ಓದಲು ಬರುತ್ತದೆ. ಇದನ್ನು ತೋರಿಸೋಣ ಅಂತ ಒಂದು ಸಂಜೆ ಏಳು ಗಂಟೆಗೆ ಕೆರೆ ಏರಿ ಹತ್ತಿರ ಇರುವ ಒಂದು ಕಲ್ಲಿಗೆ ಹೋದೆವು. ನಮ್ಮ ಯಜಮಾನರು ಮೊಬೈಲ್ ಹಿಡಿದಿದ್ದರು, ನಾನು ಟಾರ್ಚ್ ಹಿಡಿದಿದ್ದೆ. ಮೊದಲು ಎದುರಿನಿಂದ ಬಿಟ್ಟೆ, ಬರೀ ಬೂದು ಬಣ್ಣದ ಕಲ್ಲು, ಏನೂ ಕಾಣಲಿಲ್ಲ. ಆಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿದ ಹಾಗೆ ಪಕ್ಕಕ್ಕೆ ತಂದು ಮೆಲ್ಲಗೆ ಸರಿಸುತ್ತಾ ಹೋದೆ, ಒಂದು ಕಡೆ ಬಂದಾಗ ಅಂಚಿನಲ್ಲಿ ಏನೋ ಎದ್ದ ಹಾಗಾಯಿತು. "ಅಯ್ಯೋ, ನೋಡಿ, ಸ್ವಸ್ತಿ ಅಂತ ಇದೆ!" ಅಂದೆ. ಆ ಕಲ್ಲಿನ ಪಕ್ಕ ನಾನು ಹತ್ತಾರು ಸಲ ಓಡಾಡಿದ್ದೆ, ಅದರಲ್ಲಿ ಬರಹ ಇದೆ ಅಂತ ನನಗೂ ಗೊತ್ತಿರಲಿಲ್ಲ. ನನ್ನ ದನಿ ನಡುಗಿದ್ದು ವಿಡಿಯೊದಲ್ಲಿ ಕೇಳಿಸುತ್ತದೆ. ಕಪ್ಪೆಗಳ ಕೂಗಿನಲ್ಲಿ ಅರ್ಧ ಮಾತು ಮುಚ್ಚಿಹೋಗಿದೆ. ಇನ್ನೊಂದು ಸಲ ಸರಿಯಾಗಿ ತೆಗೆಯೋಣ ಅಂತ ಅವರು ಹೇಳಿದರು, ನಾನು ಬೇಡ ಅಂದೆ.

ಆ ತುಂಡನ್ನು ಮಕ್ಕಳು ಮತ್ತೆ ಮತ್ತೆ ಹಾಕಿ ನೋಡಿದರು. ಒಂದು ವಾರದಲ್ಲಿ ಗ್ರೂಪಿನ ತುಂಬಾ ಕತ್ತಲಲ್ಲಿ ಟಾರ್ಚ್ ಬಿಟ್ಟ ಕಲ್ಲಿನ ಫೋಟೊಗಳು. ಒಂದು ಫೋಟೊದಲ್ಲಿ ಟಾರ್ಚ್ ಹಿಡಿದವರು ಹುಡುಗನ ಅಪ್ಪ, ಅವರ ಹಿಂದೆ ಪಕ್ಕದ ಮನೆಯವರೆಲ್ಲ ನಿಂತಿದ್ದಾರೆ.

ಇದೇ ತುಂಡಿನ ಕೊನೆಗೆ ಮೊಬೈಲ್ ಪರದೆಯನ್ನೇ ರೆಕಾರ್ಡ್ ಮಾಡಿ ಎಪಿಗ್ರಾಫಿಯಾ ಕರ್ನಾಟಿಕಾ, ಅಂದರೆ ಶಾಸನಗಳನ್ನು ಅಚ್ಚು ಹಾಕಿದ ಸಂಪುಟಗಳನ್ನು, ನೋಡುವುದು ಹೇಗೆ ಅಂತ ಹೇಳಿದ್ದೇನೆ. ಬಿ.ಎಲ್. ರೈಸ್ 1886ರಲ್ಲಿ ಮೊದಲ ಸಂಪುಟ ತಂದರು, ಒಟ್ಟು 12 ಸಂಪುಟ, ಜಿಲ್ಲೆ ತಾಲ್ಲೂಕು ಲೆಕ್ಕದಲ್ಲಿ ಜೋಡಿಸಿದ್ದು. ಶಿಕಾರಿಪುರ ಏಳನೇ ಸಂಪುಟದಲ್ಲಿ, ಸೊರಬ ಎಂಟನೆಯದರಲ್ಲಿ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ತಾಲ್ಲೂಕು ಹುಡುಕಿ, ನಂಬರ್ ನೋಡಿ, ಕನ್ನಡ ಪಾಠ ಇರುವ ಭಾಗಕ್ಕೆ ಹೋಗುವುದು ಹೇಗೆ ಅಂತ ಬರೆದು ತಿಳಿಸಲು ಒಂದು ಪುಟ ಬೇಕಿತ್ತು. ಬೆರಳಾಡಿಸಿ ತೋರಿಸಲು ಒಂದೂವರೆ ನಿಮಿಷ ಸಾಕಾಯಿತು. ತಮ್ಮ ಊರಿನ ಹೆಸರು ನೂರು ವರ್ಷದ ಹಿಂದಿನ ಪುಸ್ತಕದಲ್ಲಿ ಅಚ್ಚಾಗಿರುವುದನ್ನು ನೋಡಿದಾಗ ಮಕ್ಕಳ ಮುಖ ನೋಡಬೇಕು ನೀವು.

ಮೂರನೆಯ ತುಂಡು ಅಂಕದ್ದು. ಎರಡು ಉಕ್ಕಿನ ಡಬ್ಬಿ ಮೇಲೆ ಒಂದು ಗಾಜಿನ ಹಲಗೆ ಇಟ್ಟು, ಅದರ ಮೇಲೆ ಮೊಬೈಲನ್ನು ಕ್ಯಾಮೆರಾ ಕೆಳಗೆ ಬರುವ ಹಾಗೆ ಮಲಗಿಸಿ, ಕೆಳಗೆ ಒಂದು ಬರೆದ ಹಾಳೆ ಇಡುತ್ತೇನೆ. ಕೆಂಪು ಪೆನ್ನು ಹಿಡಿದು, ತಿದ್ದುವಾಗ ಮನಸ್ಸಲ್ಲಿ ಏನೇನು ಬರುತ್ತದೋ ಅದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. "ಇಲ್ಲಿ 'ಸುಂದರವಾದ ಕೆತ್ತನೆ' ಅಂತ ಬರೆದಿದ್ದೀರಿ, ಏನು ಕೆತ್ತಿದ್ದಾರೆ ಅಂತ ಹೇಳಿಲ್ಲ, ಹಾಗಾಗಿ ನನಗೆ ಏನೂ ಕಾಣಲಿಲ್ಲ. ಇಲ್ಲಿ ನೋಡಿ, 'ಎಡಗೈಯಲ್ಲಿ ಬಿಲ್ಲು ಇದೆ, ಎದುರಿಗೆ ಮೂವರು, ಕಾಲ ಹತ್ತಿರ ಎರಡು ದನ' ಅಂದಿದ್ದೀರಿ, ಈ ಸಾಲಿಗೆ ಅಂಕ ಕೊಡುತ್ತೇನೆ." ಹತ್ತರಲ್ಲಿ ನಾಲ್ಕು ಅಂಕ ಕಣ್ಣಾರೆ ನೋಡಿದ್ದಕ್ಕೆ, ಮೂರು ಊರಿನವರನ್ನು ಕೇಳಿ ತಿಳಿದದ್ದಕ್ಕೆ, ಮೂರು ತಮಗೆ ಎದ್ದ ಪ್ರಶ್ನೆಗೆ. ಉತ್ತರ ಗೊತ್ತಾಗದ ಪ್ರಶ್ನೆ ಬರೆದರೂ ಅಂಕ ಉಂಟು ಅಂತ ಎರಡು ಸಲ ಹೇಳುತ್ತೇನೆ, ಯಾಕೆಂದರೆ ಮೊದಲ ಸಲಕ್ಕೆ ಯಾರೂ ನಂಬುವುದಿಲ್ಲ. ಹಾಳೆ ಮಾತ್ರ ನಾನೇ ಬರೆದದ್ದು. ಹಳೆಯ ವಿದ್ಯಾರ್ಥಿಗಳ ಹಾಳೆಯನ್ನು ಹೀಗೆ ಎಲ್ಲರ ಮುಂದೆ ತಿದ್ದುವುದು ನನಗೆ ಸರಿ ಅನಿಸಲಿಲ್ಲ.

ಇದರಲ್ಲಿ ಒಂದು ತಪ್ಪು ಮಾಡಿದ್ದೆ. ಮೊದಲ ವರ್ಷ ಮಾದರಿಯಾಗಿ ಒಂದು ತುರುಗೋಳಿನ ಕಲ್ಲಿನ ಬರಹವನ್ನೇ ತೋರಿಸಿದೆ. ಆ ವರ್ಷ ಬಂದ ಹಾಳೆಗಳಲ್ಲಿ ಎಲ್ಲರ ಊರಿನಲ್ಲೂ ದನ ಕಳ್ಳತನವೇ ಆಗಿತ್ತು. ಕಲ್ಲಲ್ಲಿ ದನವೇ ಇಲ್ಲದಿದ್ದರೂ ದನ! ಆತಕೂರಿನ ನಾಯಿ ಹೋಗಿ ನನ್ನ ದನ ಬಂದಿತ್ತು ಅಷ್ಟೇ. ಮಾದರಿ ಕೊಟ್ಟರೆ ಅದನ್ನೇ ಅನುಸರಿಸುವುದು ಸಹಜ, ನಾವು ಅದಕ್ಕೆ ದಾರಿ ಕೊಡಬಾರದು. ಮಾರನೆಯ ವರ್ಷದಿಂದ ಬೇರೆ ವಸ್ತುವಿನ ಮೇಲಿನ ಬರಹ ತೋರಿಸುತ್ತಿದ್ದೇನೆ. ಒಂದು ಕೆರೆ ತೂಬಿನ ಬಗ್ಗೆ ಬರೆದದ್ದು, ಒಂದು ಮಾಸ್ತಿಕಲ್ಲಿನ, ಅಂದರೆ ಸತಿ ಹೋದ ಹೆಣ್ಣಿನ ನೆನಪಿನ ಕಲ್ಲಿನ, ಬಗ್ಗೆ ಬರೆದದ್ದು. ಎರಡನ್ನೂ ಬೇರೆ ಬೇರೆ ರೀತಿಯಲ್ಲಿ ಬರೆದಿದ್ದೇನೆ, ಎರಡಕ್ಕೂ ಒಳ್ಳೆಯ ಅಂಕ ಕೊಡುತ್ತೇನೆ. ನೋಡುವ ಕ್ರಮ ಕಲಿಯಬಹುದು, ಸಾಲು ಎತ್ತಲು ಆಗುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು, "ಇಷ್ಟೆಲ್ಲ ಹೇಳಿಕೊಟ್ಟರೆ ಬಾಯಿಗೆ ತುತ್ತು ಇಟ್ಟ ಹಾಗಲ್ವಾ ಮೇಡಂ? ಡಿಗ್ರಿ ಮಕ್ಕಳು, ತಾವೇ ತಿಳ್ಕೋಬೇಕು" ಅಂದರು. ಅವರು ತುಂಬಾ ಓದಿದವರು, ಅವರ ಮಾತನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಈ ವಿಷಯದಲ್ಲಿ ಒಪ್ಪುವುದಿಲ್ಲ. ಕಲ್ಲನ್ನು ನೋಡುವ ಕೆಲಸ ಇನ್ನೂ ಅವರದ್ದೇ. ಅಜ್ಜಿಯನ್ನು ಮಾತಾಡಿಸುವ ಕೆಲಸ ಅವರದ್ದೇ. ಬರೆಯುವ ಕಷ್ಟವೂ ಅವರದ್ದೇ. ನಾನು ಹೇಳಿಕೊಟ್ಟದ್ದು ಏನು ಕೇಳುತ್ತಿದ್ದೇನೆ ಅನ್ನುವುದನ್ನು ಮಾತ್ರ. ಮೇಷ್ಟ್ರ ಮಕ್ಕಳಿಗೆ ಇದು ಮನೆಯಲ್ಲೇ ಗೊತ್ತಾಗುತ್ತದೆ, ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತು ಹೇಳುತ್ತಾರೆ. ಕೂಲಿಗೆ ಹೋಗುವವರ ಮಗಳಿಗೆ ಹೇಳುವವರು ಯಾರು? ಎನ್‌ಇಪಿ ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಇದ್ದ ವರ್ಷಗಳಲ್ಲಿ 100ಕ್ಕೆ 40 ಅಂಕ ಇಂಟರ್ನಲ್ಸ್‌ದೇ ಇತ್ತು. 2024ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂದ ಮೇಲೆ ಅದು 20ಕ್ಕೆ ಇಳಿದಿದೆ. 40 ಇರಲಿ, 20 ಇರಲಿ, ಆ ಅಂಕ ಪ್ರಶ್ನೆ ಅರ್ಥ ಆಗಲಿಲ್ಲ ಅನ್ನುವ ಕಾರಣಕ್ಕೆ ಹೋಗಬಾರದು. ಕಲ್ಲು ನೋಡಲಿಲ್ಲ ಅಂತ ಹೋದರೆ ಹೋಗಲಿ.

ಇನ್ನು ಸಣ್ಣಪುಟ್ಟ ವಿಷಯಗಳು, ಮಾಡಬೇಕು ಅಂತ ಇರುವವರಿಗೆ. ಚಿತ್ರ ಸ್ವಲ್ಪ ಮಸುಕಾದರೂ ಮಕ್ಕಳು ನೋಡುತ್ತಾರೆ, ಮಾತು ಕೇಳದಿದ್ದರೆ ನೋಡುವುದಿಲ್ಲ. ಹೊರಗೆ ಗಾಳಿ ಇದ್ದಾಗ ಇಯರ್‌ಫೋನಿನ ಮೈಕಿಗೆ ಹತ್ತಿಬಟ್ಟೆ ಸುತ್ತಿಕೊಂಡರೆ ವಾಸಿ. ವಾಟ್ಸಾಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ, ಕಲ್ಲಿನ ಮೇಲಿನ ಅಕ್ಷರ ಕರಗಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ತಾರೀಖನ್ನು ಮಾತ್ರ ವಿಡಿಯೊದಲ್ಲಿ ಹೇಳಲೇಬೇಡಿ. ಲಾಸ್ಟ್ ಡೇಟ್, ಪುಟದ ಲೆಕ್ಕ, ಎಲ್ಲಿ ಕೊಡಬೇಕು ಇದೆಲ್ಲ ಹಾಳೆಯಲ್ಲಿ ಇರಲಿ. ಅದನ್ನು ಮಕ್ಕಳು ಒಂದೇ ನೋಟಕ್ಕೆ ಹುಡುಕಬೇಕು, ಐದು ನಿಮಿಷದ ವಿಡಿಯೊದಲ್ಲಿ ಎಲ್ಲಿ ಹೇಳಿದ್ದರು ಅಂತ ಒದ್ದಾಡಬಾರದು. ಜೊತೆಗೆ ಅದೇ ವಿಡಿಯೊವನ್ನು ಮುಂದಿನ ವರ್ಷವೂ ಬಳಸಬಹುದು. ಮೊದಲ ವರ್ಷ ನನಗೆ ಎರಡು ಭಾನುವಾರ ಪೂರ್ತಿ ಹೋಯಿತು. ಈಗ ಅಂಕದ ತುಂಡನ್ನು ಮಾತ್ರ ಹೊಸದಾಗಿ ಮಾಡುತ್ತೇನೆ.

ಎಲ್ಲರ ಹತ್ತಿರ ಡೇಟಾ ಇರುವುದಿಲ್ಲ, ಎಲ್ಲ ಹುಡುಗಿಯರ ಹತ್ತಿರ ಸ್ವಂತ ಫೋನೂ ಇರುವುದಿಲ್ಲ. ಅಣ್ಣನ ಫೋನಿನಲ್ಲಿ, ಅವನು ಕೊಟ್ಟಾಗ, ಕೊಟ್ಟಷ್ಟು ಹೊತ್ತು ನೋಡುವವರು ಇದ್ದಾರೆ. ಅದಕ್ಕೆ ಮೂರೂ ತುಂಡನ್ನು ಮೊದಲು ಕ್ಲಾಸಿನಲ್ಲೇ ಪ್ರೊಜೆಕ್ಟರ್‌ನಲ್ಲಿ ಹಾಕಿ ತೋರಿಸುತ್ತೇನೆ, ಲೈಬ್ರರಿಯ ಕಂಪ್ಯೂಟರಿನಲ್ಲೂ ಹಾಕಿ ಇಟ್ಟಿದ್ದೇನೆ. ಒಂದು ವರ್ಷ ಕಿವಿ ಸರಿಯಾಗಿ ಕೇಳದ ಒಬ್ಬ ಹುಡುಗ ಇದ್ದ. ಅವನಿಗಾಗಿ ಮಾತನ್ನೆಲ್ಲ ಬರೆದು, ಎಷ್ಟನೇ ನಿಮಿಷಕ್ಕೆ ಏನು ಬರುತ್ತದೆ ಅಂತ ಪಕ್ಕದಲ್ಲಿ ಗುರುತು ಹಾಕಿ ಒಂದು ಹಾಳೆ ಮಾಡಿದೆ. ಗ್ರೂಪಿಗೆ ಹಾಕಿದಾಗ ಆ ಹಾಳೆಯನ್ನು ಎಲ್ಲರೂ ಇಳಿಸಿಕೊಂಡರು. ಬಸ್ಸಿನಲ್ಲಿ ಬರುವಾಗ ಓದಲು ಚೆನ್ನಾಗಿದೆ ಅಂದರು. ಅವನಿಗಾಗಿ ಮಾಡಿದ್ದು ಈಗ ಎಲ್ಲರಿಗೂ ಖಾಯಂ ಆಗಿದೆ.

ಏನು ಬದಲಾಯಿತು ಅಂತ ಕೇಳಿದರೆ, ನನಗೆ ಬರುವ ಫೋನುಗಳು ಬದಲಾದವು. ಮೊದಲು ಎಲ್ಲರದ್ದೂ ಒಂದೇ ಪ್ರಶ್ನೆ, "ಮೇಡಂ, ಎಷ್ಟು ಪೇಜ್ ಬರೀಬೇಕು?" ಈಗ ಹೋದ ತಿಂಗಳು ಒಬ್ಬ ಹುಡುಗ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, "ಮೇಡಂ, ಮೇಲಿನ ಪಟ್ಟೀಲಿ ಲಿಂಗ ಇಲ್ಲ, ಕಾಲು ಮಡಚಿ ಕೂತಿರೋ ಮೂರ್ತಿ ಇದೆ, ಮೇಲೆ ಮೂರು ಕೊಡೆ ಇದೆ. ಇದು ಜೈನರದ್ದಾ?" ಅಂದ. ಹೌದು ಕಣೋ, ಮುಕ್ಕೊಡೆ ಇದ್ದರೆ ಜಿನಮೂರ್ತಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮ್ಮೂರಲ್ಲಿ ಜೈನರು ಇದ್ರಾ ಮೇಡಂ? ಈಗ ಒಂದು ಮನೇನೂ ಇಲ್ವಲ್ಲ" ಅಂದ. ಅದನ್ನೇ ಬರಿ, ಅದೇ ನಿನ್ನ ಪ್ರಶ್ನೆ ಅಂದೆ. ಅವನು ಎರಡೂವರೆ ಪುಟ ಬರೆದಿದ್ದ. ಹತ್ತಕ್ಕೆ ಒಂಬತ್ತು ಕೊಟ್ಟೆ.

ಎಲ್ಲರೂ ಹೀಗೆ ಬರೆಯುತ್ತಾರೆ ಅಂತ ಹೇಳುವುದಿಲ್ಲ. ಈಗಲೂ ಹತ್ತು ಹನ್ನೆರಡು ಮಂದಿ ಕೊನೆಯ ದಿನ ಇನ್ನೊಬ್ಬರದ್ದನ್ನು ನೋಡಿ ಬರೆದು ಕೊಡುತ್ತಾರೆ. ಅವರನ್ನು ಕರೆದು ಕೇಳಿದರೆ ಬೇರೆ ಬೇರೆ ಕಾರಣಗಳು ಬರುತ್ತವೆ. ಮನೆಯಲ್ಲಿ ಅಡಿಕೆ ಕೊಯ್ಲು, ಸಂಜೆ ಪೆಟ್ರೋಲ್ ಬಂಕಿನಲ್ಲಿ ಕೆಲಸ, ಅಮ್ಮನಿಗೆ ಆರಾಮಿಲ್ಲ. ಅದಕ್ಕೆ ನನ್ನ ವಿಡಿಯೊ ಏನೂ ಮಾಡಲಾರದು, ಒಂದು ವಾರ ಜಾಸ್ತಿ ಸಮಯ ಕೊಡಬಹುದು ಅಷ್ಟೇ, ಕೊಡುತ್ತೇನೆ. ಆದರೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ ಮೇಡಂ ಅಂತ ಈ ಮೂರು ವರ್ಷದಲ್ಲಿ ಒಬ್ಬರೂ ಹೇಳಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ಈಗ ತನ್ನ ಊರಿನ ಹತ್ತಿರವೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಈ ಸಲ ಎರಡನೆಯ ತುಂಡನ್ನೂ ಹೊಸದಾಗಿ ಮಾಡಿ, ಅದರಲ್ಲಿ ಅವಳ ಹಿತ್ತಲಿನ ಕಲ್ಲನ್ನೇ ತೋರಿಸಬೇಕು ಅಂತ ನನಗೆ ಆಸೆ ಇತ್ತು, ಕೇಳಿದೆ. ಅವಳೇ ಕಲ್ಲಿನ ಪಕ್ಕ ನಿಂತು ಮಾತಾಡಬೇಕು, ನಾನು ಮೊಬೈಲ್ ಹಿಡಿಯುತ್ತೇನೆ ಅಂದೆ. ನಾಚಿಕೊಂಡಳು, ಆಮೇಲೆ ಒಪ್ಪಿದಳು. ರಾತ್ರಿ ಫೋನ್ ಮಾಡಿ, ಅಜ್ಜಿಗೂ ಹೇಳಿ ಆಯ್ತು ಮೇಡಂ, ಪೂಜೆ ಮುಗಿದ ಮೇಲೆ ತೆಗೀರಿ ಅಂದ್ರು, ಅವರಿಗೂ ಏನೋ ಹೇಳೋದಿದೆಯಂತೆ ಅಂದಳು. ಬೆಳಿಗ್ಗೆ ಎಂಟರ ಹೊತ್ತಿಗೆ ಆ ಹಿತ್ತಲಿಗೆ ಓರೆ ಬಿಸಿಲು ಬರುತ್ತದಂತೆ. ಈ ಭಾನುವಾರ ಆರೂವರೆ ಬಸ್ಸಿಗೆ ಹೊರಡುತ್ತಿದ್ದೇನೆ.